ಊರು ಬದಲಾದಾಗ ಓಟ ನಿಲ್ಲುವುದೇಕೆ?

ವರ್ಗಾವಣೆಯ ಆದೇಶವೋ ಹೊಸ ಕೆಲಸದ ಪತ್ರವೋ ಕೈಸೇರಿದಾಗ ಮೊದಲು ಕಾಡುವುದು ಬಾಡಿಗೆ ಮನೆ, ಮುಂಗಡ ಹಣ, ಮಕ್ಕಳ ಶಾಲೆ ಮತ್ತು ಅಡುಗೆ ಅನಿಲದ ಸಂಪರ್ಕದ ಚಿಂತೆ. ಓಡುವ ಷೂ ಯಾವ ರಟ್ಟಿನ ಪೆಟ್ಟಿಗೆಯಲ್ಲಿ ಸೇರಿತು ಎಂಬುದು ನೆನಪಾಗುವ ಹೊತ್ತಿಗೆ ಹೊಸ ಊರಿನಲ್ಲಿ ಮೂರು ವಾರ ಕಳೆದಿರುತ್ತದೆ. ಧಾರವಾಡದ ವಿಶ್ವವಿದ್ಯಾಲಯದ ಆವರಣದಲ್ಲಿ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ವರ್ಷಗಟ್ಟಲೆ ತಪ್ಪದೆ ಓಡುತ್ತಿದ್ದವರೂ ಬೆಂಗಳೂರಿಗೆ ಬಂದ ಮೇಲೆ ‘ಮನೆ ಒಂದು ಹದಕ್ಕೆ ಬರಲಿ, ಆಮೇಲೆ ನೋಡೋಣ’ ಎನ್ನತೊಡಗುತ್ತಾರೆ. ಮನೆ ಹದಕ್ಕೆ ಬರುತ್ತದೆ. ಷೂ ಮಾತ್ರ ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ.

ಇಂಥವರು ಸಾಮಾನ್ಯವಾಗಿ ತಮ್ಮನ್ನೇ ಬೈದುಕೊಳ್ಳುತ್ತಾರೆ. ಸೋಮಾರಿತನ ಬಂತು, ವಯಸ್ಸಾಯಿತು, ಮೊದಲಿನ ಹುಮ್ಮಸ್ಸು ಉಳಿದಿಲ್ಲ ಎಂಬುದು ಅವರ ತೀರ್ಮಾನ. ಆದರೆ ಅಭ್ಯಾಸಗಳ ಕುರಿತು ಕಳೆದ ಎರಡು ದಶಕಗಳಲ್ಲಿ ನಡೆದಿರುವ ಸಂಶೋಧನೆಗಳು ದೋಷವನ್ನು ಬೇರೆಡೆ ತೋರಿಸುತ್ತವೆ.

ಕಾಲಿಗೆ ಗೊತ್ತಿದ್ದ ದಾರಿ

ಅಮೆರಿಕದ ಮನಶ್ಶಾಸ್ತ್ರಜ್ಞೆ ವೆಂಡಿ ವುಡ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದ ಅಧ್ಯಯನವು ಒಂದು ವಿಶ್ವವಿದ್ಯಾಲಯದಿಂದ ಮತ್ತೊಂದಕ್ಕೆ ವರ್ಗವಾದ ವಿದ್ಯಾರ್ಥಿಗಳನ್ನು ಕುರಿತದ್ದು. ವ್ಯಾಯಾಮ, ಪತ್ರಿಕೆ ಓದುವುದು, ಟಿ.ವಿ. ನೋಡುವುದು ಈ ಮೂರು ಅಭ್ಯಾಸಗಳು ಊರು ಬದಲಾಗುವ ಮುನ್ನ ಹೇಗಿದ್ದವು, ನಂತರ ಏನಾದವು ಎಂಬುದನ್ನು ಅವರು ಪರಿಶೀಲಿಸಿದರು. ಹೊಸ ಜಾಗದಲ್ಲಿಯೂ ಹಳೆಯ ಸನ್ನಿವೇಶವೇ ಹೆಚ್ಚುಕಡಿಮೆ ದೊರೆತವರಲ್ಲಿ ಅಭ್ಯಾಸ ತಾನಾಗಿಯೇ ಮುಂದುವರಿಯಿತು. ಸನ್ನಿವೇಶ ಬದಲಾದವರಲ್ಲಿ ಅಭ್ಯಾಸ ತನ್ನ ಹಿಡಿತ ಕಳೆದುಕೊಂಡು, ಪ್ರತಿಯೊಂದೂ ಮತ್ತೆ ಸಂಕಲ್ಪದ ಮೇಲೆಯೇ ನಿಲ್ಲಬೇಕಾಯಿತು. ಪತ್ರಿಕೆ ಓದುವ ಅಭ್ಯಾಸಕ್ಕೂ ಇದೇ ಗತಿ ಎಂಬುದು ಪತ್ರಿಕಾಲಯಗಳು ಗಮನಿಸಬೇಕಾದ ಸಂಗತಿ.

ಕುಕ್ಕರಹಳ್ಳಿಯ ಓಟಗಾರರ ದಿನಚರಿಯನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ನಿರ್ಮಾಣವಾದ ಈ ಕೆರೆಯ ಸುತ್ತಳತೆ ಸುಮಾರು 5 ಕಿ.ಮೀ. ಎಲ್ಲಿಂದ ಹೊರಡಬೇಕು, ಎಲ್ಲಿ ತಿರುಗಬೇಕು, ಎಷ್ಟು ದೂರವಾಯಿತು ಎಂಬ ಲೆಕ್ಕ ಅಲ್ಲಿ ಬೇಕಿಲ್ಲ. ಒಂದು ಸುತ್ತು ಎಂದರೆ ಒಂದು ಸುತ್ತು. ಎದುರಿಗೆ ಬರುವವರ ಮುಖ ಪರಿಚಿತ. ಎರಡು ದಿನ ಕಾಣದಿದ್ದರೆ ‘ಏನ್ ಸಾರ್, ಹುಷಾರಿರಲಿಲ್ವಾ’ ಎಂದು ಕೇಳುವವರುಂಟು. ಮುಗಿದ ಮೇಲೆ ಕಾಫಿ. ಓಡಿಸುತ್ತಿದ್ದುದು ಮನೋಬಲವೊಂದೇ ಅಲ್ಲ. ಕೆರೆಯ ಏರಿ, ಆ ಮುಖಗಳು, ಆ ಕಾಫಿ ಎಲ್ಲವೂ ಸೇರಿ ಅರ್ಧ ಕೆಲಸ ಮಾಡುತ್ತಿದ್ದವು. ಬೆಂಗಳೂರಿನ ಹೊಸ ಬಡಾವಣೆಯ ಮೂರನೆಯ ಮಹಡಿಯಲ್ಲಿ ಎಚ್ಚರಗೊಂಡ ವ್ಯಕ್ತಿ ಎಡಕ್ಕೆ ಹೋಗಬೇಕೋ ಬಲಕ್ಕೋ ಎಂಬುದರಿಂದಲೇ ಆರಂಭಿಸಬೇಕು. ನಸುಕಿನ ಐದೂವರೆಗೆ ಆ ಪ್ರಶ್ನೆ ಎದ್ದರೆ ಗೆಲ್ಲುವುದು ಹಾಸಿಗೆಯೇ.

ಆದುದರಿಂದ ಹೊಸ ಊರಿನಲ್ಲಿ ಕಳೆದುಹೋಗುವುದು ಹುಮ್ಮಸ್ಸಿಗಿಂತ ಹೆಚ್ಚಾಗಿ ಅದನ್ನು ಹೊತ್ತು ನಿಂತಿದ್ದ ಪರಿಸರ. ಮನಸ್ಸನ್ನು ಗದರಿಸುವ ಬದಲು ಆ ಪರಿಸರವನ್ನು ಮತ್ತೆ ಕಟ್ಟಿಕೊಳ್ಳುವುದೇ ಮಾರ್ಗ.

ಮೊದಲ ಮೂರು ತಿಂಗಳು

ಇದಕ್ಕೆ ಒಂದು ಕಾಲಮಿತಿಯೂ ಇರುವಂತಿದೆ. ಇಂಗ್ಲೆಂಡಿನ ಪೀಟರ್‌ಬರೋದಲ್ಲಿ ಬಾಸ್ ವೆರ್‌ಪ್ಲಾಂಕನ್ ಮತ್ತು ಡೆಬೋರಾ ರಾಯ್ 800 ಮನೆಗಳನ್ನು ಆಧರಿಸಿ ನಡೆಸಿ, 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರಿಸರಸ್ನೇಹಿ ರೂಢಿಗಳನ್ನು ಬೆಳೆಸುವ ಯತ್ನವು, ಇತ್ತೀಚೆಗೆ ಮನೆ ಬದಲಿಸಿದವರಲ್ಲಿ ಹೆಚ್ಚು ಫಲ ನೀಡಿತು. ಈ ಅವಕಾಶದ ಕಿಟಕಿ ತೆರೆದಿರುವುದು ಸ್ಥಳ ಬದಲಿಸಿದ ಸುಮಾರು ಮೂರು ತಿಂಗಳವರೆಗೆ ಎಂದು ಅವರು ಅಂದಾಜಿಸಿದರು. ಅಧ್ಯಯನದ ವಿಷಯ ಓಟವಲ್ಲ, ನಿಜ. ಆದರೆ ತರ್ಕ ಇಲ್ಲಿಗೂ ಒಪ್ಪುತ್ತದೆ. ಹಳೆಯ ಅಭ್ಯಾಸ ಸಡಿಲಗೊಂಡ ಅದೇ ಕಾಲದಲ್ಲಿ ಹೊಸ ದಿನಚರಿಯೂ ಗಟ್ಟಿಯಾಗುತ್ತಿರುತ್ತದೆ. ಆ ದಿನಚರಿಯೊಳಗೆ ಓಟಕ್ಕೆ ಜಾಗ ದೊರೆಯದಿದ್ದರೆ ಮುಂಜಾನೆಯ ಆ ಗಂಟೆಯನ್ನು ಮೊಬೈಲ್, ಕಚೇರಿಯ ವಾಹನ ಅಥವಾ ನಿದ್ದೆ ಆಕ್ರಮಿಸಿಕೊಳ್ಳುತ್ತದೆ. ಆಮೇಲೆ ಅದನ್ನು ಬಿಡಿಸಿಕೊಳ್ಳುವುದು ಒತ್ತುವರಿ ತೆರವುಗೊಳಿಸಿದಷ್ಟೇ ಕಷ್ಟ.

ಹೊಸ ಅಭ್ಯಾಸಕ್ಕೆ 21 ದಿನ ಸಾಕು ಎಂಬ ಜನಪ್ರಿಯ ಮಾತನ್ನು ನಂಬಿ ನಿರಾಶರಾಗುವವರಿದ್ದಾರೆ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಗಮನಿಸಿ ಪ್ರಕಟಿಸಿದ ವರದಿಯ ಪ್ರಕಾರ, ಒಂದು ಕೆಲಸ ತಾನಾಗಿ ನಡೆಯುವ ಹಂತಕ್ಕೆ ಬರಲು ಹಿಡಿದ ಕಾಲದ ಮಧ್ಯಮಾಂಕ 66 ದಿನ. ವ್ಯಕ್ತಿಯಿಂದ ವ್ಯಕ್ತಿಗೆ ಇದು 18ರಿಂದ 254 ದಿನಗಳವರೆಗೂ ವ್ಯತ್ಯಾಸವಾಗುತ್ತದೆ. ನೀರು ಕುಡಿಯುವಂಥ ಸರಳ ಅಭ್ಯಾಸಗಳಿಗಿಂತ ವ್ಯಾಯಾಮಕ್ಕೆ ಹೆಚ್ಚು ಸಮಯ ಬೇಕಾಯಿತು. ಸಮಾಧಾನದ ಅಂಶವೊಂದೂ ಅದೇ ವರದಿಯಲ್ಲಿದೆ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ರೂಪುಗೊಳ್ಳುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ.

ದೇಹಕ್ಕೆ ಆಗುವ ನಷ್ಟ

ಮೂರು ವಾರ ಬಿಟ್ಟು ಓಡಲು ಹೊರಟವರು ಮೊದಲ ಕಿಲೋಮೀಟರಿಗೇ ಏದುಸಿರು ಬಿಟ್ಟು, ಗಳಿಸಿದ್ದೆಲ್ಲ ಹೋಯಿತೆಂದು ಮರಳುವುದುಂಟು. ವಾಸ್ತವ ಅಷ್ಟು ಘೋರವಲ್ಲ. ಎಡ್ವರ್ಡ್ ಕಾಯ್ಲ್ ಮತ್ತಿತರರು 1984ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಯೋಗದಲ್ಲಿ, ಚೆನ್ನಾಗಿ ಪಳಗಿದ ಕ್ರೀಡಾಪಟುಗಳು ತರಬೇತಿಯನ್ನು ಪೂರ್ಣ ನಿಲ್ಲಿಸಿದಾಗ ಅವರ ದೇಹ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ ಮೊದಲ ಮೂರು ವಾರಗಳಲ್ಲಿ ಕುಸಿದದ್ದು ಸುಮಾರು ಶೇ 7ರಷ್ಟು. ಎರಡು ತಿಂಗಳ ಹೊತ್ತಿಗೆ ಅದು ಶೇ 16ರಷ್ಟಾಗಿ ಅಲ್ಲಿಗೆ ನಿಂತಿತು.

ಉಳಿದ ತೊಂದರೆಗೆ ಹವೆಯೇ ಕಾರಣವಾಗಿರಬಹುದು. ಸಮುದ್ರಮಟ್ಟದ ಮಂಗಳೂರಿನಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ಬಂದವರಿಗೆ ಸೆಕೆ ತಪ್ಪಿದ ಸುಖವಿದ್ದರೂ ವೇಗದ ಓಟದಲ್ಲಿ ಉಸಿರು ತುಸು ಬಿಗಿಯೆನಿಸುತ್ತದೆ. ಬೆಂಗಳೂರಿನಿಂದ ಮುಂಬೈ ಅಥವಾ ಚೆನ್ನೈಗೆ ಹೋದವರ ಕಷ್ಟ ಇದಕ್ಕಿಂತ ದೊಡ್ಡದು. ಗಾಳಿಯಲ್ಲಿನ ತೇವದಿಂದಾಗಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಹಳೆಯ ವೇಗದಲ್ಲಿ ಹೃದಯ ಹೆಚ್ಚು ಬಡಿದುಕೊಳ್ಳುತ್ತದೆ. ದೇಹ ಬಿಸಿಲು–ಸೆಕೆಗೆ ಹೊಂದಿಕೊಳ್ಳಲು 10ರಿಂದ 14 ದಿನ ಬೇಕು. ಅಲ್ಲಿಯವರೆಗೆ ಗಡಿಯಾರವನ್ನು ಮನೆಯಲ್ಲಿಯೇ ಬಿಟ್ಟು ಹೋಗುವುದು ಒಳಿತು. ಏಪ್ರಿಲ್–ಮೇಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಗೆ ವರ್ಗವಾದ ನೌಕರರಿಗಂತೂ ಸೂರ್ಯೋದಯಕ್ಕೆ ಮುನ್ನಿನ ಒಂದು ಗಂಟೆಯೇ ಗತಿ. ತಿಂಗಳುಗಟ್ಟಲೆ ಓಟ ಬಿಟ್ಟಿರುವ ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಉಳ್ಳವರು ವೈದ್ಯರನ್ನು ಕಂಡೇ ಆರಂಭಿಸಬೇಕು.

ಬೆಂಗಳೂರಿನಲ್ಲಿ ಓಡುವುದೆಲ್ಲಿ?

ರಾಜ್ಯದ ಎಲ್ಲ ಮೂಲೆಗಳಿಂದ ಜನ ಬಂದು ಸೇರುವ ರಾಜಧಾನಿಯಲ್ಲಿ ಓಡುವ ಜಾಗಗಳಿಗೆ ಬರವಿಲ್ಲ. ಅವು ಮನೆಯ ಹತ್ತಿರ ಇರುವುದಿಲ್ಲ ಎಂಬುದೇ ದೂರು. 1870ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನ ಓಟಗಾರರ ಅಚ್ಚುಮೆಚ್ಚಿನ ತಾಣ. ಭಾನುವಾರ ಒಳರಸ್ತೆಗಳಲ್ಲಿ ವಾಹನಗಳಿಲ್ಲದ ಕಾರಣ ನಗರದ ಓಟದ ತಂಡಗಳೆಲ್ಲ ಅಲ್ಲಿ ನೆರೆದಂತೆ ಕಾಣುತ್ತದೆ. ಹೊಸಬರು ಒಂದು ಭಾನುವಾರ ಸುಮ್ಮನೆ ಹೋಗಿ ನೋಡಿದರೂ ಸಾಕು, ತಮ್ಮ ವೇಗದವರು ಯಾರೆಂಬುದು ತಿಳಿಯುತ್ತದೆ. ಹೈದರಾಲಿಯ ಕಾಲದ, 240 ಎಕರೆಯ ಲಾಲ್‌ಬಾಗ್‌ನಲ್ಲಿ ನೆರಳಿದೆ, ಏರಿಳಿತವಿದೆ, ಮುನ್ನೂರು ಕೋಟಿ ವರ್ಷ ಹಳೆಯ ಬಂಡೆಯಿದೆ. ನಡಿಗೆದಾರರ ದಟ್ಟಣೆಯೂ ಇದೆ. ಅವರ ನಡುವೆ ನುಸುಳಿ ಓಡುವುದು ಸೌಜನ್ಯವಲ್ಲ. ಬೇಗ ಹೋಗಿ ಬೇಗ ಮುಗಿಸುವುದು ಎರಡೂ ಕಡೆಯವರಿಗೆ ಹಿತ.

ಮಲ್ಲೇಶ್ವರ–ಸದಾಶಿವನಗರದ ಕಡೆಯವರಿಗೆ ಸ್ಯಾಂಕಿ ಕೆರೆ, ಹೊರವರ್ತುಲ ರಸ್ತೆಯ ದಕ್ಷಿಣಕ್ಕೆ ಅಗರ, ಸರ್ಜಾಪುರ ರಸ್ತೆಯಲ್ಲಿ ಕೈಕೊಂಡರಹಳ್ಳಿ, ಕನಕಪುರ ರಸ್ತೆಯ ಬದಿಗೆ ತುರಹಳ್ಳಿ ಅರಣ್ಯ. ಕಂಠೀರವ ಕ್ರೀಡಾಂಗಣದ 400 ಮೀಟರಿನ ಸಿಂಥೆಟಿಕ್ ಟ್ರ್ಯಾಕ್ ಅಳೆದು ಓಡುವವರಿಗೆ ಅನುಕೂಲ. ಕೆರೆ, ಉದ್ಯಾನಗಳು ತೆರೆದಿರುವ ವೇಳೆ ಮತ್ತು ನಿಯಮಗಳು ಒಂದೊಂದು ಕಡೆ ಒಂದೊಂದು ರೀತಿ, ಬದಲಾಗುವುದೂ ಉಂಟು. ಗೇಟಿನ ಫಲಕ ಓದಿಕೊಳ್ಳುವುದು ಕ್ಷೇಮ.

ಆದರೆ ವಾರದ ದಿನಗಳಲ್ಲಿ ಓಡಲು ಇವು ಯಾವುವೂ ಬೇಕಿಲ್ಲ. ಎಂಟು ಕಿ.ಮೀ. ದೂರದ ಕಬ್ಬನ್ ಉದ್ಯಾನವನ್ನು ನೆಚ್ಚಿಕೊಂಡ ಓಟ ಎರಡನೆಯ ವಾರಕ್ಕೇ ನಿಲ್ಲುತ್ತದೆ. ಮನೆಯ ಬಾಗಿಲಿನಿಂದ ಹೊರಟು ಬಾಗಿಲಿಗೇ ಮರಳುವ, ದೊಡ್ಡ ರಸ್ತೆಯನ್ನು ದಾಟಬೇಕಿಲ್ಲದ ಒಂದು ಸುತ್ತನ್ನು ಮೊದಲ ವಾರದಲ್ಲಿಯೇ ಗುರುತಿಸಿಕೊಳ್ಳಬೇಕು, ಒಂದೂವರೆ ಕಿ.ಮೀ. ಇದ್ದರೂ ಸರಿ. ಓಡುವ ಮೊದಲು ಆ ದಾರಿಯಲ್ಲಿ ಒಂದು ಸಂಜೆ ನಡೆದು ಬಂದರೆ ಎಲ್ಲಿ ಕಲ್ಲುಚಪ್ಪಡಿ ಎದ್ದಿದೆ, ಎಲ್ಲಿ ಚರಂಡಿ ಬಾಯಿ ತೆರೆದಿದೆ, ಯಾವ ದೀಪ ಉರಿಯುವುದಿಲ್ಲ ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ. ಕುಕ್ಕರಹಳ್ಳಿಯ ಮಣ್ಣಿಗೆ ಒಗ್ಗಿದ ಮೊಣಕಾಲು ಕಾಂಕ್ರೀಟಿಗೆ ಒಗ್ಗಲು ಕೆಲವು ವಾರ ಬೇಕು. ಅಷ್ಟು ದಿನ ದೂರವನ್ನು ಅರ್ಧಕ್ಕೆ ಇಳಿಸಿದರೆ ನಷ್ಟವೇನಿಲ್ಲ.

ಬೀಗ, ಕತ್ತಲು, ನಾಯಿ

ಉದ್ಯೋಗಕ್ಕೆ ಬಂದ ತರುಣ–ತರುಣಿಯರಲ್ಲಿ ಬಹಳ ಮಂದಿಯ ಮೊದಲ ವಿಳಾಸ ಪಿ.ಜಿ. ಇಲ್ಲಿ ಓಟಕ್ಕೆ ಅಡ್ಡಿ ಮನಸ್ಸಿನದಲ್ಲ, ಮುಂಬಾಗಿಲಿನ ಬೀಗದ್ದು. ಆರಕ್ಕೆ ಮುನ್ನ ಗೇಟು ತೆರೆಯದ, ಏಳರ ನಂತರ ಬಿಸಿನೀರು ಬಾರದ, ಎಂಟೂವರೆಗೆ ಉಪಾಹಾರ ಮುಗಿದುಹೋಗುವ ಕಡೆ ಬೆಳಗಿನ ಓಟಕ್ಕೆ ಉಳಿಯುವುದು ಕಿರಿದಾದ ಸಂದು. ಮುಂಗಡ ಕೊಡುವ ಮೊದಲೇ ಈ ಮೂರು ಸಮಯಗಳನ್ನು ಕೇಳಿಕೊಳ್ಳುವುದು ಓಡುವವರಿಗೆ ಅತ್ಯಗತ್ಯ. ಮನೆ ಹುಡುಕುವಾಗ ಮೆಟ್ರೊ ನಿಲ್ದಾಣ ಎಷ್ಟು ದೂರ ಎಂದು ಕೇಳುವವರು ಕೆರೆ ಎಷ್ಟು ದೂರ ಎಂದು ಕೇಳುವುದಿಲ್ಲ.

ಬೆಂಗಳೂರಿನಲ್ಲಿ ಜನವರಿ ಅಂತ್ಯದಲ್ಲಿ ಸೂರ್ಯೋದಯ ಬೆಳಿಗ್ಗೆ 6.45ರ ಸುಮಾರಿಗೆ, ಜೂನ್ ಆರಂಭದಲ್ಲಿ ಆರಕ್ಕೆ ಮೊದಲೇ. ಅಂದರೆ ಚಳಿಗಾಲದಲ್ಲಿ ಆರು ಗಂಟೆಯ ಓಟವೆಂಬುದು ಕತ್ತಲಿನ ಓಟ. ಮಹಿಳೆಯರ ಪಾಲಿಗೆ ಅಪರಿಚಿತ ಬಡಾವಣೆಯ ಕತ್ತಲು ಹುಮ್ಮಸ್ಸಿನ ಪ್ರಶ್ನೆಯೇ ಅಲ್ಲ, ಸುರಕ್ಷತೆಯ ಪ್ರಶ್ನೆ. ‘ಧೈರ್ಯ ಮಾಡಿ’ ಎಂಬ ಸಲಹೆಯಿಂದ ಬೀದಿದೀಪ ಹೊತ್ತಿಕೊಳ್ಳುವುದಿಲ್ಲ. ಬೆಳಕಿರುವ ಉದ್ಯಾನ, ಹಾಲಿನ ಬೂತು ತೆರೆದಿರುವ ಬೀದಿ, ಜೊತೆಗೊಬ್ಬರು – ಇವು ದೊರೆಯುವವರೆಗೆ ಓಟವನ್ನು ಅರ್ಧ ಗಂಟೆ ಮುಂದಕ್ಕೆ ಹಾಕುವುದರಲ್ಲಿ ಸೋಲೇನಿಲ್ಲ. ಸಂಜೆ ಓಡುವವರಿಗೆ ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಮತ್ತು ವಾಹನಗಳ ಹೊಗೆ ಎರಡೂ ಅಡ್ಡಿ.

ಬೀದಿನಾಯಿಗಳ ಸಮಸ್ಯೆ ಎಲ್ಲ ನಗರಗಳದೂ ಹೌದು. ತಮ್ಮ ಬೀದಿಯ ನಿತ್ಯದ ಓಟಗಾರರನ್ನು ನಾಯಿಗಳು ಗುರುತಿಸುತ್ತವೆ, ಹೊಸಬರನ್ನು ಅಟ್ಟುತ್ತವೆ. ಅಟ್ಟಿಸಿಕೊಂಡು ಬಂದಾಗ ಓಟ ನಿಲ್ಲಿಸಿ, ಕಣ್ಣಿಗೆ ಕಣ್ಣು ಕೊಡದೆ ನಿಧಾನವಾಗಿ ನಡೆದುಹೋಗಬೇಕು. ಕಚ್ಚಿದರೆ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳಬೇಕು. ಇದರಲ್ಲಿ ಉಡಾಫೆ ಸಲ್ಲದು.

ದಿನ, ಗಂಟೆ, ಜಾಗ

‘ಈ ವಾರ ಓಡಬೇಕು’ ಎಂಬ ನಿರ್ಧಾರ ದುರ್ಬಲ. ಬ್ರಿಟನ್ನಿನಲ್ಲಿ ವಿದ್ಯಾರ್ಥಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವ್ಯಾಯಾಮದ ಲಾಭಗಳನ್ನು ಓದಿ ತಿಳಿದವರು ಏನೂ ಓದದವರಿಗಿಂತ ಹೆಚ್ಚು ವ್ಯಾಯಾಮ ಮಾಡಲಿಲ್ಲ. ಎರಡೂ ಗುಂಪುಗಳಲ್ಲಿ ಮಾಡಿದವರು ಶೇ 40ಕ್ಕಿಂತ ಕಡಿಮೆ. ಲಾಭ ಓದಿದ್ದಲ್ಲದೆ ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಎಂದು ಮುಂಚಿತವಾಗಿ ಬರೆದಿಟ್ಟವರಲ್ಲಿ ಈ ಪ್ರಮಾಣ ಶೇ 91. ರಾತ್ರಿ ಪಾಳಿಯವರಿಗೆ, ವಿದೇಶಿ ಗ್ರಾಹಕರ ಕರೆಗಾಗಿ ಹನ್ನೊಂದರವರೆಗೆ ಎಚ್ಚರವಿರುವವರಿಗೆ ಬೆಳಗಿನ ಐದು ಗಂಟೆ ಹೊಂದುವುದಿಲ್ಲ. ಅವರು ಮಧ್ಯಾಹ್ನದ ಊಟಕ್ಕೆ ಮುನ್ನ ಇಪ್ಪತ್ತು ನಿಮಿಷ ಎಂದು ಬರೆದರೂ ಅದು ದಿನ–ಗಂಟೆ–ಜಾಗವೇ.

ಜೊತೆಗಾರರ ವಿಷಯದಲ್ಲಿ ಹೊಸಬರು ಸಂಕೋಚಪಡುವುದು ಹೆಚ್ಚು. ತಂಡಗಳೆಂದರೆ ಮ್ಯಾರಥಾನ್ ವೀರರ ಕೂಟ ಎಂಬ ಭಯ ಅನಗತ್ಯ. ನಿಧಾನವಾಗಿ ಓಡುವವರೇ ಅಲ್ಲಿ ಬಹುಸಂಖ್ಯಾತರು. ಕೆಲವು ತಂಡಗಳು ತರಬೇತಿಗೆ ಶುಲ್ಕ ಪಡೆಯುತ್ತವೆ, ಕೆಲವು ಇಲ್ಲ. ಊರಿನಲ್ಲಿ ಬಿಟ್ಟುಬಂದ ಗೆಳೆಯರೊಂದಿಗೆ ಫೋನಿನಲ್ಲಿ ಕಿಲೋಮೀಟರುಗಳ ಲೆಕ್ಕ ಒಪ್ಪಿಸುವವರೂ ಇದ್ದಾರೆ; ಅದು ನೆರವಾಗುತ್ತದೆ, ಆದರೆ ಬಾಗಿಲು ತಟ್ಟುವುದಿಲ್ಲ.

ದಿನಾಂಕ ಗೊತ್ತಾದ ಓಟಕ್ಕೆ ಹೆಸರು ಕೊಟ್ಟರೆ ಅಭ್ಯಾಸಕ್ಕೆ ಗಡುವು ದೊರೆಯುತ್ತದೆ. 2008ರಲ್ಲಿ ಆರಂಭವಾದ ಬೆಂಗಳೂರಿನ ವಿಶ್ವ 10ಕೆ ಓಟ ಸಾಮಾನ್ಯವಾಗಿ ಏಪ್ರಿಲ್ ಕೊನೆ ಅಥವಾ ಮೇಯಲ್ಲಿ ನಡೆಯುತ್ತದೆ. ಮಣ್ಣಿನ ದಾರಿಯನ್ನು ಮರೆಯಲಾಗದ ಮೈಸೂರು ಸೀಮೆಯವರಿಗೆ ಶ್ರೀರಂಗಪಟ್ಟಣದ ನಾಲೆಯ ದಂಡೆಯ ಮೇಲೆ ನಡೆಯುವ ಕಾವೇರಿ ಟ್ರೇಲ್ ಮ್ಯಾರಥಾನ್ ಇದೆ. ಊರಿಗೆ ಬಂದ ಮೊದಲ ವರ್ಷ 10 ಕಿ.ಮೀ.ಗಿಂತ ಹೆಚ್ಚಿನದಕ್ಕೆ ಕೈಹಾಕದಿರುವುದು ಲೇಸು. ಭಾನುವಾರ ಕಬ್ಬನ್ ಉದ್ಯಾನಕ್ಕೆ ಹೊರಡುವವರು ಗಮನಿಸಬೇಕಾದದ್ದು: ಅಂದು ಮೆಟ್ರೊ ಸಂಚಾರ ಉಳಿದ ದಿನಗಳಿಗಿಂತ ತಡವಾಗಿ, ಬೆಳಿಗ್ಗೆ 7ಕ್ಕೆ ಆರಂಭವಾಗುತ್ತದೆ. ಅದಕ್ಕೂ ಮುನ್ನ ತಲುಪಬೇಕೆಂದರೆ ಬಸ್ಸನ್ನೋ ಗೆಳೆಯರ ಬೈಕನ್ನೋ ಹಿಂದಿನ ರಾತ್ರಿಯೇ ಗೊತ್ತುಮಾಡಿಕೊಂಡಿರಬೇಕು.