ಬಲ್ಮಠದ ದೇವಶಾಸ್ತ್ರ ವಿದ್ಯಾಲಯವೂ ಗಡಿನಾಡ ಕನ್ನಡವೂ

ನಮ್ಮ ಗದ್ವಾಲ ತಾಲ್ಲೂಕು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದಿತು. ರಾಜ್ಯ ಪುನರ್ವಿಂಗಡಣೆಯಿಂದ ಧರೂರು ಆಂಧ್ರಕ್ಕೆ ಸೇರಿ, ಇಂದು ತೆಲಂಗಾಣದಲ್ಲಿದೆ. ಇಲ್ಲಿಯ ಕನ್ನಡದ ಮಕ್ಕಳು ತಾಯ್ನುಡಿಯನ್ನು ಹಿಡಿದು ಎಷ್ಟು ದೂರ ಓದಬಲ್ಲರೆಂಬ ಪ್ರಶ್ನೆ ಉಪಾಧ್ಯಾಯರಾದ ನಮ್ಮನ್ನು ಬಿಟ್ಟಿಲ್ಲ. ಮಂಗಳೂರಿನ ಬಲ್ಮಠದ ಚರಿತ್ರೆಯಲ್ಲಿ ಇದಕ್ಕೊಂದು ಉತ್ತರವುಂಟು.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1847ರಲ್ಲಿ ಅವರ ದೇವಶಾಸ್ತ್ರದ ಪಾಠಶಾಲೆ ಆರಂಭವಾಯಿತು. ಹಳ್ಳಿಯ ಸಭೆಗೆ ಬೋಧಿಸುವವನಿಗೆ ಹಳ್ಳಿಯ ನುಡಿ ಬೇಕು. ಆ ನುಡಿಗೆ ಪುಸ್ತಕ, ವ್ಯಾಕರಣ, ನಿಘಂಟುಗಳು ಬೇಕು. ಈ ಅಗತ್ಯವೇ ಮಿಶನ್ನಿನವರನ್ನು ಕನ್ನಡದ ಕೆಲಸಕ್ಕೆ ಹಚ್ಚಿತು. ಮೋಗ್ಲಿಂಗರು 1843ರಲ್ಲಿಯೇ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ್ದರು. ಕಿಟ್ಟೆಲ್ಲರ ನಿಘಂಟು 1894ರಲ್ಲಿ ಅಚ್ಚಾಯಿತು.

1965ರಲ್ಲಿ ಈ ಶಾಲೆಯೂ ತುಮಕೂರಿನ ಸೆಮಿನರಿಯೂ ಕೂಡಿ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಆಯಿತು. ಇಲ್ಲಿ ಓದಿದವರಿಗೆ ದೊರೆಯುವ ಪದವಿ ಬಂಗಾಳದ ಸೆರಾಂಪುರದ್ದು. ಪದವಿ ನೀಡುವ ಹಕ್ಕನ್ನು ಸೆರಾಂಪುರ ಕಾಲೇಜಿಗೆ ಡೆನ್ಮಾರ್ಕಿನ ದೊರೆ 1827ರ ಸನ್ನದಿನಿಂದ ಕೊಟ್ಟಿದ್ದನು. ಆ ಕಾಲೇಜಿನ ಸ್ಥಾಪಕರಲ್ಲೊಬ್ಬರಾದ ವಿಲಿಯಂ ಕೇರಿಯವರು 1817ರಲ್ಲಿಯೇ ಕನ್ನಡ ವ್ಯಾಕರಣವೊಂದನ್ನು ಪ್ರಕಟಿಸಿದ್ದರೆಂಬುದು ಸ್ಮರಣೀಯ.

ಮತ ಯಾವುದಾದರೂ ಆಗಲಿ, ಇದರಿಂದ ನಾವು ಕಲಿಯಬೇಕಾದ ಪಾಠ ಒಂದೇ. ಹೊರನಾಡಿನಿಂದ ಬಂದವರು ಕಲಿತು ಕಲಿಸಿದ ನುಡಿಯನ್ನು, ಮನೆಯಲ್ಲಿ ಆಡುವ ನಾವೇ ಶಾಲೆಯ ಹೊಸ್ತಿಲಲ್ಲಿ ಬಿಟ್ಟು ಒಳಗೆ ಹೋಗಲಾಗದು.