ಹೊಸ ಗುರು, ಹಳೆಯ ಆಸೆ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರಂತೆ ಎಂಬುದು ಆತುರಗಾರರನ್ನು ಕುರಿತು ನಮ್ಮಲ್ಲಿ ಆಡುವ ಹಾಸ್ಯದ ಮಾತು. ಆದರೆ ಕುಲಾವಿ ಹೊಲಿಸುವವರ ಮನಸ್ಸಿನಲ್ಲಿರುವುದು ಬರಿಯ ಆತುರವಲ್ಲ. ಆ ಮನೆಯಲ್ಲಿ ಹಿಂದೆ ತೂಗಿದ ತೊಟ್ಟಿಲುಗಳ ನೆನಪೂ ಅಲ್ಲಿ ಉಂಟು. ಜನಸಮುದಾಯವೊಂದು ಹೊಸ ನಾಯಕನನ್ನು ಎದುರುಗೊಳ್ಳುವಾಗ ಈ ನೆನಪು ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಚರಿತ್ರೆ ಒಳ್ಳೆಯ ನಿದರ್ಶನ.

ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಮ್ಮ ಕಾಲ್ಚೆಂಡಾಟವನ್ನಲ್ಲ. ಹನ್ನೊಂದು ಜನರ ಎರಡು ತಂಡಗಳು ಮೊಟ್ಟೆಯಾಕಾರದ ಚೆಂಡನ್ನು ಹಿಡಿದು, ಎಸೆದು, ಮೈಗೆ ಮೈ ತಾಗಿಸಿ, ಗಜಗಜವಾಗಿ ಮುಂದೊತ್ತುವ ಆಟ ಅದು. ಬೆಳೆದದ್ದು ಕಾಲೇಜುಗಳ ಅಂಗಳದಲ್ಲಿ. ಆಟಗಾರನಾದ ವಿದ್ಯಾರ್ಥಿ ನಾಲ್ಕೈದು ವರ್ಷಗಳಲ್ಲಿ ಹೊರಟುಹೋಗುತ್ತಾನೆ, ಉಳಿಯುವವನು ತರಬೇತುದಾರ. ಆದ್ದರಿಂದಲೇ ಜನರ ಭರವಸೆ, ಸಿಟ್ಟು ಎರಡೂ ಅವನನ್ನೇ ಹುಡುಕಿಕೊಂಡು ಬರುತ್ತವೆ.

ನೋಟರ್ ಡೇಮ್ 1842ರಲ್ಲಿ ಇಂಡಿಯಾನ ಸಂಸ್ಥಾನದ ಸೌತ್ ಬೆಂಡ್ ಊರಿನ ಬಳಿ ಎಡ್ವರ್ಡ್ ಸೋರಿನ್ ಎಂಬ ಫ್ರೆಂಚ್ ಪಾದ್ರಿ ಸ್ಥಾಪಿಸಿದ ಕ್ಯಾಥೊಲಿಕ್ ವಿದ್ಯಾಸಂಸ್ಥೆ. ನಾರ್ವೆಯಲ್ಲಿ ಹುಟ್ಟಿದ ನೂಟ್ ರಾಕ್ನಿ 1918ರಿಂದ 1930ರವರೆಗೆ ಅಲ್ಲಿ ತರಬೇತುದಾರನಾಗಿದ್ದು 105 ಪಂದ್ಯಗಳನ್ನು ಗೆದ್ದು, ಕೇವಲ 12ನ್ನು ಸೋತ. 1931ರ ಮಾರ್ಚ್ 31ರಂದು ವಿಮಾನ ದುರಂತದಲ್ಲಿ ತೀರಿಕೊಂಡು ದಂತಕಥೆಯೇ ಆದ. ಪ್ರಾಟೆಸ್ಟಂಟರೇ ಬಹುಸಂಖ್ಯಾತರಾಗಿದ್ದ ಆ ನಾಡಿನಲ್ಲಿ ಕ್ಯಾಥೊಲಿಕರನ್ನು ಅನುಮಾನದಿಂದ ಕಾಣುತ್ತಿದ್ದ ಕಾಲವದು. ಐರ್ಲೆಂಡ್, ಇಟಲಿ, ಪೋಲೆಂಡುಗಳಿಂದ ಹೊಟ್ಟೆಪಾಡಿಗೆ ಬಂದವರ ಮಕ್ಕಳಿಗೆ ಶನಿವಾರದ ಗೆಲುವು ಬರಿಯ ಆಟವಾಗಿರಲಿಲ್ಲ. ಈ ನೆಲದಲ್ಲಿ ನಮಗೂ ಪಾಲುಂಟೆಂಬ ಘೋಷಣೆಯಾಗಿತ್ತು. ಕಾಲೇಜಿನ ಮೆಟ್ಟಿಲನ್ನೇ ಹತ್ತದವರು ನ್ಯೂಯಾರ್ಕಿನ ಸುರಂಗ ರೈಲುಗಳಲ್ಲಿ ಪಂದ್ಯಕ್ಕೆ ಧಾವಿಸುತ್ತಿದ್ದರು. ಅವರಿಗೆ ‘ಸಬ್‌ವೇ ಹಳೆಯ ವಿದ್ಯಾರ್ಥಿಗಳು’ ಎಂದೇ ಹೆಸರು ಬಿತ್ತು. ರಾಕ್ನಿಯ ಶಿಷ್ಯ ಫ್ರಾಂಕ್ ಲೇಹಿ 1940ರ ದಶಕದಲ್ಲಿ ನಾಲ್ಕು ಬಾರಿ ರಾಷ್ಟ್ರದ ಅಗ್ರಸ್ಥಾನ ತಂದುಕೊಟ್ಟ ಮೇಲಂತೂ ಗೆಲುವು ಈ ಮನೆಯ ಆಸ್ತಿಯೆಂಬ ನಂಬಿಕೆ ಬಲವಾಯಿತು.

ಆಸ್ತಿ ಕರಗಲು ಬಹುಕಾಲ ಬೇಕಾಗಲಿಲ್ಲ. 1959ರಿಂದ 1963ರವರೆಗಿನ ಐದು ವರ್ಷಗಳಲ್ಲಿ ತಂಡ ಗೆದ್ದದ್ದು 19, ಸೋತದ್ದು 30. 1963ರಲ್ಲಂತೂ ಎರಡೇ ಗೆಲುವು, ಏಳು ಸೋಲು. ಇಂಥ ಗಳಿಗೆಯಲ್ಲಿ ಬಂದವರು ಆರಾ ಪಾರ್ಸೀಗಿಯನ್. ತಂದೆ ಆರ್ಮೇನಿಯದವರು, ತಾವು ಪ್ರಾಟೆಸ್ಟಂಟ್ ಪಂಥದವರು, ನೋಟರ್ ಡೇಮಿನಲ್ಲಿ ಓದಿದವರೂ ಅಲ್ಲ. ಆದರೆ ಅವರ ಬೆನ್ನ ಹಿಂದೆ ಕಾಲೇಜು ತಂಡಗಳನ್ನು ನಡೆಸಿದ ಹದಿಮೂರು ವರ್ಷಗಳ ಅನುಭವವಿತ್ತು. ನಾರ್ತ್‌ವೆಸ್ಟರ್ನ್ ತಂಡದ ಮುಖ್ಯಸ್ಥರಾಗಿ ನೋಟರ್ ಡೇಮನ್ನೇ ಸತತ ನಾಲ್ಕು ವರ್ಷ ಸೋಲಿಸಿದವರು ಅವರು. ಮೊದಲಿನ ಆಟಗಾರರಲ್ಲಿಯೇ ಯಾರು ಎಲ್ಲಿ ನಿಂತರೆ ಉಪಯೋಗವೆಂದು ಅಳೆದು ನೋಡಿದರು. ಅದುವರೆಗೆ ಹೆಚ್ಚಾಗಿ ಹೊರಗೇ ಕುಳಿತಿದ್ದ ಜಾನ್ ಹುವಾರ್ಟೆ ಎಂಬ ತರುಣನ ಕೈಗೆ ಚೆಂಡನ್ನು ಕೊಟ್ಟರು. ಆತ ಆ ವರ್ಷದ ಅತ್ಯುತ್ತಮ ಆಟಗಾರನೆಂದು ಹೈಸ್‌ಮನ್ ಪಾರಿತೋಷಕ ಪಡೆದ. 1964ರ ತಂಡ ಒಂಬತ್ತು ಪಂದ್ಯಗಳನ್ನು ಒಂದೇ ಸಮನೆ ಗೆದ್ದು, ಕೊನೆಯದರಲ್ಲಿ ಅರ್ಧಾವಧಿಗೆ 17-0 ಮುಂದಿದ್ದೂ, ಆಟ ಮುಗಿಯಲು ಎರಡು ನಿಮಿಷವೂ ಉಳಿದಿಲ್ಲದಾಗ ಹಿಂದೆ ಬಿದ್ದು, ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಕ್ಕೆ 20-17ರಲ್ಲಿ ಸೋತಿತು. ಆದರೂ ಜನ ಆ ವರ್ಷವನ್ನು ಸೋಲಿನ ವರ್ಷವೆಂದು ನೆನೆಯುವುದಿಲ್ಲ. ಮುಂದೆ 1966 ಹಾಗೂ 1973ರಲ್ಲಿ ಅಗ್ರಸ್ಥಾನವೂ ಲಭಿಸಿತು. 1974ರಲ್ಲಿ ಪಾರ್ಸೀಗಿಯನ್ ಬಳಲಿಕೆಯ ಕಾರಣ ಹೇಳಿ ಕೆಲಸ ಬಿಟ್ಟಾಗ ಅವರಿಗಿನ್ನೂ ಐವತ್ತೊಂದು ವರ್ಷ. ಗೆದ್ದವನ ಹೆಗಲಿಗೂ ಜನರ ಆಸೆ ಹಗುರವಾದ ಹೊರೆಯಲ್ಲ.

ಈ ನೆನಪೇ ಮುಂದಿನ ಅಧ್ಯಾಯದ ಬೀಜ. 1980ರ ನವೆಂಬರಿನಲ್ಲಿ ಗೆರಿ ಫೌಸ್ಟ್ ಎಂಬುವರ ನೇಮಕವಾಯಿತು. ಅವರು ಅದುವರೆಗೆ ಕಾಲೇಜು ತಂಡವನ್ನು ನಡೆಸಿದವರೇ ಅಲ್ಲ. ಸಿನ್ಸಿನಾಟಿಯ ಮೋಲರ್ ಪ್ರೌಢಶಾಲೆಯ ತರಬೇತುದಾರರು. ಆದರೆ ಅಲ್ಲಿ ಹದಿನೆಂಟು ವರ್ಷಗಳಲ್ಲಿ ಅವರ ಗೆಲುವು 174, ಸೋಲು 17, ಸಮ ಎರಡು. ದೈವಭಕ್ತರು, ಸರಳರು, ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸುವವರು. ನೋಟರ್ ಡೇಮಿನ ಹುದ್ದೆಯೇ ಅವರ ಬಾಳಿನ ಕನಸು. ಮಗ ತಾಯ್ಮನೆಗೆ ಬಂದನೆಂದು ಅಭಿಮಾನಿಗಳು ಹಿಗ್ಗಿದರು. 1964ರಲ್ಲಿ ಹೊರಗಿನವನೊಬ್ಬ ಪವಾಡ ಮಾಡಿದ್ದರೆ, ಒಳಗಿನ ಹೃದಯವುಳ್ಳವನು ಇನ್ನೆಷ್ಟು ಮಾಡಿಯಾನು ಎಂಬುದು ಅವರ ಲೆಕ್ಕ.

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಆಗ ಅಗ್ರಸ್ಥಾನ ಯಾರದೆಂದು ನಿರ್ಧರಿಸುತ್ತಿದ್ದುದು ಪತ್ರಕರ್ತರ ಮತ್ತು ತರಬೇತುದಾರರ ಮತ. ಹೀಗಾಗಿ ಜನರ ಆಸೆಗೂ ಅಲ್ಲಿ ಅಂಕಿಯ ರೂಪ ಬರುತ್ತಿತ್ತು. 1981ರ ಸೆಪ್ಟೆಂಬರ್ 12ರಂದು ಫೌಸ್ಟರ ತಂಡ ಮೊದಲ ಪಂದ್ಯದಲ್ಲಿ ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯವನ್ನು 27-9ರಲ್ಲಿ ಸೋಲಿಸಿತು. ಅದೇ ದಿನ ಮೊದಲ ಸ್ಥಾನದಲ್ಲಿದ್ದ ಮಿಷಿಗನ್ ಸೋತದ್ದರಿಂದ ಪತ್ರಕರ್ತರ ಮತ ನೋಟರ್ ಡೇಮನ್ನು ದೇಶಕ್ಕೇ ಮೊದಲನೆಯದೆಂದು ಸಾರಿತು. ಒಂದೇ ಪಂದ್ಯದ ಪ್ರತಾಪ! ಮುಂದಿನ ಶನಿವಾರ ಆ ಮಿಷಿಗನ್ನೇ ಅವರನ್ನು 25-7ರಲ್ಲಿ ಮಣಿಸಿತು. ವರ್ಷ ಮುಗಿದಾಗ ಐದು ಗೆಲುವು, ಆರು ಸೋಲು. 1963ರ ತರುವಾಯ ಸೋಲೇ ಹೆಚ್ಚಾದ ಮೊದಲ ವರ್ಷವದು.

ಇಲ್ಲಿಂದ ಮುಂದಿನದು ನಿಧಾನವಾದ ಸಂಕಟದ ಕಥೆ. ಐದು ವರ್ಷಗಳ ಒಟ್ಟು ಲೆಕ್ಕ 30 ಗೆಲುವು, 26 ಸೋಲು, ಒಂದು ಸಮ. ಬೇರೆಡೆ ಸಹಿಸಬಹುದಾಗಿದ್ದ ಅಂಕಿ, ಅಲ್ಲಿ ಅಲ್ಲ. ಹರಸಿದ ಬಾಯಿಗಳೇ ಅವರನ್ನು ಹೊರದೂಡಿರೆಂದು ಹೆಸರಿನೊಡನೆ ಪ್ರಾಸ ಕಟ್ಟಿ ಕೂಗಿದವು. ಅಧ್ಯಕ್ಷರಾಗಿದ್ದ ಪಾದ್ರಿ ಥಿಯೊಡೋರ್ ಹೆಸ್‌ಬರ್ಗರ ಆಡಳಿತವಾದರೋ ಐದು ವರ್ಷಕ್ಕೆಂದು ಮಾಡಿಕೊಂಡ ಒಪ್ಪಂದವನ್ನು ಮುರಿಯಲಿಲ್ಲ. ಗೆಲುವೇ ಸರ್ವಸ್ವವಾದ ಆಟದಲ್ಲಿ ಕೊಟ್ಟ ಮಾತಿಗೂ ಬೆಲೆಯಿತ್ತೆಂಬುದು ಸಣ್ಣ ಸಂಗತಿಯಲ್ಲ. 1985ರ ನವೆಂಬರಿನಲ್ಲಿ ಫೌಸ್ಟ್ ತಾವಾಗಿಯೇ ರಾಜೀನಾಮೆ ಕೊಟ್ಟರು. ಕೊನೆಯ ಪಂದ್ಯದಲ್ಲಿ ಮಿಯಾಮಿ ತಂಡ 58-7ರಲ್ಲಿ ಅವರನ್ನು ಬೀಳ್ಕೊಟ್ಟಿತು.

ಹಾಗಾದರೆ ಅಭಿಮಾನಿಗಳು ಎರಡು ಬಾರಿಯೂ ಕಂಡದ್ದು ಒಂದೇ ಕನಸನ್ನಲ್ಲವೆ? ಹೌದು, ಆದರೆ ಮೊದಲ ಬಾರಿ ಅವರ ಆಸೆಗೆ ಕೆಲಸ ಬಲ್ಲ ಕೈ ದೊರೆತಿತ್ತು, ಎರಡನೆಯ ಬಾರಿ ತಮ್ಮ ಹಾಗೆಯೇ ಆಸೆಪಡುವ ಹೃದಯ ದೊರೆತಿತ್ತು. ತಮ್ಮ ಪ್ರತಿಬಿಂಬವನ್ನು ಪೀಠದ ಮೇಲೆ ಕಂಡಾಗ ಜನಕ್ಕೆ ಆಗುವ ಸಂತೋಷವೇ ಬೇರೆ. ಆ ಸಂತೋಷದಲ್ಲಿ ಯೋಗ್ಯತೆಯ ಪ್ರಶ್ನೆಯನ್ನು ಕೇಳುವವನು ದ್ರೋಹಿಯಂತೆ ತೋರುತ್ತಾನೆ. ಮುಂದೆ ನಿರಾಸೆಯಾದಾಗ ದಂಡ ತೆರುವವನು ಮಾತ್ರ ಪೀಠದ ಮೇಲಿದ್ದವನೊಬ್ಬನೇ.

1986ರಲ್ಲಿ ಲೂ ಹೋಲ್ಟ್ಸ್ ಬಂದರು. ಅವರ ಮೊದಲ ವರ್ಷವೂ ಐದು ಗೆಲುವು, ಆರು ಸೋಲು. ಫೌಸ್ಟರ ಮೊದಲ ವರ್ಷದ ಲೆಕ್ಕವೇ. ಆದರೆ 1988ರಲ್ಲಿ ಹನ್ನೆರಡಕ್ಕೆ ಹನ್ನೆರಡನ್ನೂ ಗೆದ್ದು ತಂಡ ರಾಷ್ಟ್ರಕ್ಕೆ ಮೊದಲನೆಯದಾಯಿತು. ಫೌಸ್ಟ್ ಅನಂತರ ಓಹಯೋದ ಆಕ್ರನ್ ವಿಶ್ವವಿದ್ಯಾಲಯದಲ್ಲಿ ಒಂಬತ್ತು ವರ್ಷ ತರಬೇತುದಾರರಾಗಿದ್ದು, 2024ರ ನವೆಂಬರಿನಲ್ಲಿ, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ತಮ್ಮನ್ನು ಕೈಬಿಟ್ಟ ಕನಸನ್ನು ಅವರು ಕೈಬಿಡಲಿಲ್ಲ. ನೋಟರ್ ಡೇಮಿನ ದಿನಗಳನ್ನು ಕುರಿತ ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರು ‘ದ ಗೋಲ್ಡನ್ ಡ್ರೀಮ್’, ಹೊನ್ನಿನ ಕನಸು.