ನೆರೆಹೊರೆಯೂ ಆಯುರಾರೋಗ್ಯವೂ: ರೊಸೆಟೊ ಊರಿನ ವೃತ್ತಾಂತ

ಮಕ್ಕಳು ಅಕ್ಷರ ತಿದ್ದುವ ಸ್ಲೇಟು ನಮ್ಮೆಲ್ಲರಿಗೂ ಪರಿಚಿತವಾದ ವಸ್ತು. ಉಪಾಧ್ಯಾಯರ ಬೆನ್ನ ಹಿಂದಿನ ಕರಿಹಲಗೆಯನ್ನೂ ಒಂದು ಕಾಲದಲ್ಲಿ ಅನೇಕ ದೇಶಗಳಲ್ಲಿ ಇದೇ ಕಲ್ಲಿನಿಂದ ಮಾಡುತ್ತಿದ್ದರು. ಪದರಪದರವಾಗಿ ಸೀಳುವ ಈ ಕಪ್ಪು ಕಲ್ಲನ್ನು ನೆಲದೊಳಗಿಂದ ತೆಗೆಯುವ ಕೆಲಸ ಮಾತ್ರ ಬಲು ಕಷ್ಟದ್ದು. ಧೂಳೂ ಅಪಾಯವೂ ತುಂಬಿದ್ದು. ಅಮೆರಿಕ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯ ಪ್ರಾಂತದಲ್ಲಿ ಇಂತಹ ಕಲ್ಲುಗಣಿಗಳ ಮಗ್ಗುಲಲ್ಲೇ ಬೆಳೆದ ಒಂದು ಪುಟ್ಟ ಊರು, ಮನುಷ್ಯನಿಗೆ ಆರೋಗ್ಯವು ಎಲ್ಲಿಂದ ಬರುತ್ತದೆಂಬ ಪ್ರಶ್ನೆಗೆ ವೈದ್ಯಲೋಕವು ನಿರೀಕ್ಷಿಸದಿದ್ದ ಉತ್ತರವೊಂದನ್ನು ಕೊಟ್ಟಿತು. ಆ ಊರಿನ ಹೆಸರು ರೊಸೆಟೊ. ಅದರ ಏಳುಬೀಳುಗಳ ಕಥೆಯೇ ಪ್ರಕೃತ ಲೇಖನದ ವಿಷಯ.

ಈ ಊರಿನ ಮೂಲ ಅಮೆರಿಕದಲ್ಲಿಲ್ಲ. ಇಟಲಿಯ ದಕ್ಷಿಣ ಭಾಗದಲ್ಲಿ ಫೊಜ್ಜ ಎಂಬ ಜಿಲ್ಲೆಯುಂಟು. ಅಲ್ಲಿನ ಬೆಟ್ಟಗಳ ನಡುವೆ ರೊಸೆಟೊ ವಾಲ್‌ಫೊರ್ಟೊರೆ ಎಂಬುದೊಂದು ಹಳ್ಳಿ. ಅಲ್ಲಿನ ಜನ ಕಲ್ಲುಗಣಿಗಳಲ್ಲಿಯೋ ಬೆಟ್ಟದ ಹೊಲಗಳಲ್ಲಿಯೋ ದುಡಿದು, ಸಂಜೆ ಬಳಲಿ ಮನೆ ಸೇರುವ ಬಡವರು. ೧೮೮೨ರಲ್ಲಿ ಆ ಹಳ್ಳಿಯ ಹನ್ನೊಂದು ಮಂದಿ ಹಡಗು ಹತ್ತಿ ನ್ಯೂಯಾರ್ಕ್ ನಗರಕ್ಕೆ ಬಂದಿಳಿದರು. ಅಲ್ಲಿಂದ ಪಶ್ಚಿಮಕ್ಕೆ ನಡೆದು ಬ್ಯಾಂಗರ್ ಎಂಬ ಪಟ್ಟಣದ ಬಳಿಯ ಸ್ಲೇಟುಗಣಿಗಳಲ್ಲಿ ಕೂಲಿ ಹಿಡಿದರು. ಕೆಲಸ ಸಿಕ್ಕಿತೆಂಬ ವರ್ತಮಾನ ಊರಿಗೆ ಮುಟ್ಟಿದುದೇ ತಡ, ಅಣ್ಣನ ಹಿಂದೆ ತಮ್ಮ, ಮಾವನ ಹಿಂದೆ ಅಳಿಯ ಎಂಬಂತೆ ಗುಂಪುಗುಂಪಾಗಿ ಜನ ಹೊರಟರು. ೧೮೯೪ರ ಒಂದೇ ವರ್ಷದಲ್ಲಿ ಸುಮಾರು ೧,೨೦೦ ಮಂದಿ ಅಮೆರಿಕಕ್ಕೆ ಹೋಗಲು ಅನುಮತಿಪತ್ರ ಬೇಡಿದರಂತೆ. ಹಳೆಯ ಹಳ್ಳಿಯಲ್ಲಿ ಬೀದಿಗೆ ಬೀದಿಯೇ ಬರಿದಾಯಿತು.

ಬಂದವರಿಗೆ ಹೊಸ ನೆಲದಲ್ಲಿ ಸ್ವಾಗತವೇನೂ ಕಾದಿರಲಿಲ್ಲ. ಬ್ಯಾಂಗರಿನಲ್ಲಿ ಮೊದಲೇ ನೆಲೆಸಿದ್ದ ವೇಲ್ಸ್ ಮತ್ತು ಇಂಗ್ಲೆಂಡ್ ದೇಶದ ಮೂಲದವರು ಇವರನ್ನು ಪರಕೀಯರೆಂದು ದೂರವಿಟ್ಟರು. ಆದುದರಿಂದ ಇವರು ಗುಡ್ಡದ ಇಳಿಜಾರಿನಲ್ಲಿ ತಮ್ಮದೇ ಮನೆಗಳನ್ನು ಒತ್ತೊತ್ತಾಗಿ ಕಟ್ಟಿಕೊಂಡು, ತವರಿನ ಹೆಸರನ್ನೇ ಹೊಸ ಊರಿಗೂ ಇಟ್ಟರು. ಆ ಶತಮಾನದ ಕೊನೆಯ ವರ್ಷಗಳಲ್ಲಿ ಪಾಸ್ಕ್ವಾಲೆ ದೆ ನಿಸ್ಕೊ ಎಂಬ ಪಾದ್ರಿ ಅಲ್ಲಿನ ಚರ್ಚಿಗೆ ಬಂದನು. ಆತ ಪೂಜೆ ಮಾಡಿಸಿ ಸುಮ್ಮನಾಗುವ ಮನುಷ್ಯನಲ್ಲ. ಜನರಿಗೆ ಬೀಜಗಳನ್ನು ಹಂಚಿ, ಮನೆಯ ಹಿತ್ತಲಲ್ಲಿ ಈರುಳ್ಳಿ, ಅವರೆ, ಆಲೂಗೆಡ್ಡೆ, ಹಣ್ಣಿನ ಗಿಡಗಳನ್ನು ಬೆಳೆಯುವಂತೆ ಹುರಿದುಂಬಿಸಿದನು, ಸಂಘಗಳನ್ನು ಕಟ್ಟಿದನು, ಹಬ್ಬಗಳನ್ನು ನಡೆಸಿದನು. ಊರು ಕ್ರಮವಾಗಿ ಬೆಳೆಯಿತು. ಅಂಗಡಿಗಳು, ರೊಟ್ಟಿಯ ಭಟ್ಟಿಗಳು, ಹೆಂಗಸರು ದುಡಿಯುವ ಉಡುಪಿನ ಕಾರ್ಖಾನೆಗಳು ತಲೆಯೆತ್ತಿದವು. ೧೯೧೨ರಲ್ಲಿ ರೊಸೆಟೊ ತನ್ನದೇ ಪುರಾಡಳಿತವುಳ್ಳ ಪಟ್ಟಣವಾಯಿತು.

ಇನ್ನು ಸೋಜಿಗದ ಭಾಗಕ್ಕೆ ಬರೋಣ. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಅಮೆರಿಕದ ಗಂಡಸರನ್ನು ಅಕಾಲದಲ್ಲಿ ಒಯ್ಯುತ್ತಿದ್ದ ವ್ಯಾಧಿಗಳಲ್ಲಿ ಹೃದಯಾಘಾತವೇ ಮುಖ್ಯವಾದುದು. ಆ ಸೀಮೆಯ ಸ್ಥಳೀಯ ವೈದ್ಯರೊಬ್ಬರು, ಓಕ್ಲಹೋಮ ವಿಶ್ವವಿದ್ಯಾನಿಲಯದ ವೈದ್ಯ ಸ್ಟ್ಯೂವರ್ಟ್ ವುಲ್ಫ್ ಎಂಬವರೊಡನೆ ಮಾತನಾಡುತ್ತ, ರೊಸೆಟೊದಲ್ಲಿ ೬೫ ವರ್ಷಕ್ಕಿಂತ ಚಿಕ್ಕವರಲ್ಲಿ ಹೃದ್ರೋಗವನ್ನು ತಾವು ಕಾಣುವುದೇ ಅಪರೂಪವೆಂದರು. ವುಲ್ಫರಿಗೆ ಇದನ್ನು ನಂಬುವುದು ಕಷ್ಟವಾಯಿತು. ೧೯೬೦ರ ದಶಕದ ಆರಂಭದಲ್ಲಿ ಅವರು ಸಂಗಡಿಗರನ್ನು ಕೂಡಿಕೊಂಡು ಊರಿಗೇ ಹೋದರು. ಮರಣದಾಖಲೆಗಳನ್ನು ತೆಗೆದು ನೋಡಿದರು. ಜನರ ರಕ್ತವನ್ನೂ ಹೃದಯವನ್ನೂ ಪರೀಕ್ಷಿಸಿದರು. ೧೯೬೪ರಲ್ಲಿ ಅವರ ವರದಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ೧೯೫೫ರಿಂದ ೧೯೬೧ರವರೆಗಿನ ಏಳು ವರ್ಷಗಳಲ್ಲಿ ರೊಸೆಟೊದಲ್ಲಿ ಹೃದಯಾಘಾತದ ಸಾವುಗಳ ಪ್ರಮಾಣ ಸುತ್ತಲಿನ ಊರುಗಳ ಅರ್ಧಕ್ಕಿಂತಲೂ ಕಡಮೆಯಾಗಿದ್ದಿತು.

ಕಾರಣವೇನು? ಮೊದಲು ಅನುಮಾನ ಹೋದುದು ಆಹಾರದ ಕಡೆಗೆ. ಆದರೆ ಆ ಜನರ ಊಟ ವೈದ್ಯರು ಮೆಚ್ಚುವಂತಹದಾಗಿರಲಿಲ್ಲ. ತವರಿನಲ್ಲಿ ಬಳಸುತ್ತಿದ್ದ ಆಲಿವ್ ಎಣ್ಣೆ ಇಲ್ಲಿ ದುಬಾರಿ. ಅದರ ಬದಲಿಗೆ ಹಂದಿಯ ಕೊಬ್ಬಿನಲ್ಲೇ ಕರಿಯುತ್ತಿದ್ದರು. ಆಹಾರದ ಶಕ್ತಿಯಲ್ಲಿ ನೂರಕ್ಕೆ ೪೧ ಪಾಲು ಕೊಬ್ಬಿನಿಂದಲೇ ಬರುತ್ತಿತ್ತೆಂದು ಲೆಕ್ಕ ಹಾಕಿದರು. ಗಂಡಸರು ಧಾರಾಳವಾಗಿ ಹೊಗೆ ಸೇದುತ್ತಿದ್ದರು, ದ್ರಾಕ್ಷಾಮದ್ಯ ಕುಡಿಯುತ್ತಿದ್ದರು. ಸ್ಥೂಲಕಾಯರಿಗೂ ಕೊರತೆಯಿರಲಿಲ್ಲ. ಹಾಗಾದರೆ ವಂಶಗುಣವೇ? ಅದೇ ಮೂಲದವರಾಗಿ ಅಮೆರಿಕದ ಬೇರೆಡೆಗಳಲ್ಲಿ ನೆಲೆಸಿದ್ದ ನಂಟರಲ್ಲಿ ಈ ರಕ್ಷಣೆ ಕಾಣಬರಲಿಲ್ಲ. ನೀರು ಗಾಳಿಗಳ ಗುಣವೇ? ಮಗ್ಗುಲ ಬ್ಯಾಂಗರಿನವರದೂ ಅದೇ ನೀರು, ಅದೇ ಗಾಳಿ, ಅದೇ ವೈದ್ಯರು. ಆದರೂ ಅಲ್ಲಿ ಸಾವುಗಳು ಹೆಚ್ಚು.

ಹೀಗೆ ಒಂದೊಂದೇ ಊಹೆಯನ್ನು ತಳ್ಳಿಹಾಕುತ್ತ ಬಂದ ಸಂಶೋಧಕರ ಕಣ್ಣು ಕೊನೆಗೆ ಊರಿನ ಬಾಳ್ವೆಯ ಮೇಲೆ ಬಿದ್ದಿತು. ವುಲ್ಫರೂ ಸಮಾಜಶಾಸ್ತ್ರಜ್ಞ ಜಾನ್ ಬ್ರೂನ್ ಎಂಬವರೂ ಕಂಡುದು ಇದು. ಅನೇಕ ಮನೆಗಳಲ್ಲಿ ಮೂರು ತಲೆಮಾರಿನವರು ಒಂದೇ ಸೂರಿನ ಕೆಳಗೆ ಉಣ್ಣುತ್ತಿದ್ದರು. ಮುದುಕರು ಮೂಲೆಗೆ ಸರಿಯಲಿಲ್ಲ. ವಯಸ್ಸಾದಷ್ಟೂ ಅವರ ಮಾತಿಗೆ ಬೆಲೆ ಹೆಚ್ಚುತ್ತಿತ್ತು. ಬೀದಿಯಲ್ಲಿ ಹೋಗುವವರು ನಿಂತು ಮಾತನಾಡಿಸದೆ ಮುಂದೆ ಹೋಗುತ್ತಿರಲಿಲ್ಲ. ಎರಡು ಸಾವಿರಕ್ಕಿಂತ ಕಡಮೆ ಜನವಿದ್ದ ಆ ಊರಿನಲ್ಲಿ ೨೨ ಸಂಘಗಳಿದ್ದವು. ಉಳ್ಳವರು ಇಲ್ಲದವರ ಮುಂದೆ ಸಿರಿಯನ್ನು ಮೆರೆಸುವುದು ಸಭ್ಯತೆಯಲ್ಲವೆಂಬುದು ಎಲ್ಲರೂ ಒಪ್ಪಿದ ಕಟ್ಟು. ಉಡುಪು ನೋಡಿ ಬಡವ ಬಲ್ಲಿದರನ್ನು ಗುರುತಿಸುವುದು ಸುಲಭವಾಗಿರಲಿಲ್ಲ. ಕಷ್ಟ ಬಂದಾಗ ತಾನೊಬ್ಬನೇ ಎಂಬ ಭಯ ಅಲ್ಲಿ ಯಾರಿಗೂ ಇರಲಿಲ್ಲ.

ಆಗಲೇ ಆ ಸಂಶೋಧಕರು ಒಂದು ಭವಿಷ್ಯವನ್ನು ನುಡಿದರು: ಈ ಕಟ್ಟು ಸಡಿಲವಾದರೆ ಈ ಆರೋಗ್ಯವೂ ಉಳಿಯಲಾರದು. ನುಡಿದಂತೆಯೇ ಆಯಿತು. ೧೯೬೦ರ ದಶಕದಲ್ಲಿ ಓದಿದ ಮಕ್ಕಳು ದೂರದೂರದ ಕೆಲಸಗಳಿಗೆ ಹೋದರು. ಹಣ ಕೂಡಿತು. ಹೊಸ ಮನೆಗಳು ಊರಾಚೆ, ಒಂದಕ್ಕೊಂದು ದೂರವಾಗಿ, ಬೇಲಿಯೊಳಗೆ ಎದ್ದವು. ಬಾಗಿಲಲ್ಲಿ ಬೆಲೆಬಾಳುವ ಮೋಟಾರುಗಳು ನಿಂತವು. ಅಜ್ಜ ಅಜ್ಜಿಯರು ಹಳೆಯ ಮನೆಯಲ್ಲೇ ಉಳಿದರು. ೧೯೭೧ರಲ್ಲಿ, ೪೫ ತುಂಬದ ರೊಸೆಟೊದವನೊಬ್ಬನು ಹೃದಯಾಘಾತದಿಂದ ಸತ್ತನು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅಂತಹ ಸಾವು ಆ ಊರಿನಲ್ಲಿ ಅದೇ ಮೊದಲನೆಯದೆಂದು ದಾಖಲಾಗಿದೆ. ೧೯೩೫ರಿಂದ ೧೯೮೫ರವರೆಗಿನ ಐವತ್ತು ವರ್ಷಗಳ ಮರಣದಾಖಲೆಗಳನ್ನು ಎರಡೂ ಊರುಗಳಲ್ಲಿ ಹೋಲಿಸಿ ನೋಡಿದ ಅಧ್ಯಯನವು ೧೯೯೨ರಲ್ಲಿ ಪ್ರಕಟವಾಯಿತು. ಮೊದಲ ಮೂವತ್ತು ವರ್ಷ ಇದ್ದ ಅಂತರ ಆಮೇಲೆ ಅಳಿಸಿಹೋಗಿ, ರೊಸೆಟೊ ಬ್ಯಾಂಗರಿನ ಮಟ್ಟವನ್ನೇ ಮುಟ್ಟಿತ್ತು. ಇನ್ನೂ ವಿಷಾದದ ಸಂಗತಿಯೆಂದರೆ, ಜನರ ಕೈಯಲ್ಲಿ ಹಣ ಓಡಾಡುತ್ತಿದ್ದ ಕಾಲದಲ್ಲಿಯೇ ಈ ನಷ್ಟವಾಯಿತು.

ಒಂದು ಊರಿನ ಉದಾಹರಣೆಯಿಂದ ಸಿದ್ಧಾಂತ ಕಟ್ಟಬಹುದೇ ಎಂದು ಆಕ್ಷೇಪಿಸಿದವರುಂಟು. ಆಕ್ಷೇಪ ನ್ಯಾಯವಾದುದೇ, ಚಿಕ್ಕ ಊರಿನಲ್ಲಿ ಸಾವಿನ ಲೆಕ್ಕವೂ ಚಿಕ್ಕದು. ಆದರೆ ಸಾಕ್ಷ್ಯ ಅಲ್ಲಿಗೇ ನಿಲ್ಲಲಿಲ್ಲ. ಕ್ಯಾಲಿಫೋರ್ನಿಯದ ಅಲಮೀಡ ಜಿಲ್ಲೆಯಲ್ಲಿ ೧೯೬೫ರಲ್ಲಿ ೬,೯೨೮ ಮಂದಿಯನ್ನು ವಿಚಾರಿಸಿ, ಒಂಬತ್ತು ವರ್ಷ ಅವರ ಜಾಡು ಹಿಡಿದು ನೋಡಿದರು. ಬರ್ಕ್‌ಮನ್ ಮತ್ತು ಸೈಮ್ ಎಂಬವರು ೧೯೭೯ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಂಧುಮಿತ್ರರ ಹಾಗೂ ಸಂಘಗಳ ನಂಟು ತೀರ ಕಡಮೆಯಿದ್ದವರಲ್ಲಿ ಮರಣಪ್ರಮಾಣವು, ನಂಟು ಹೆಚ್ಚಿದ್ದವರಿಗಿಂತ ಗಂಡಸರಲ್ಲಿ ೨.೩ ಪಟ್ಟು, ಹೆಂಗಸರಲ್ಲಿ ೨.೮ ಪಟ್ಟು ಅಧಿಕವಾಗಿದ್ದಿತು. ಕಣ್ಣೆದುರಿನ ಪರಿಸರಕ್ಕೂ ಇಂತಹ ಶಕ್ತಿಯುಂಟು. ಪೆನ್ಸಿಲ್ವೇನಿಯದ್ದೇ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರ ದಾಖಲೆಗಳನ್ನು ರೋಜರ್ ಉಲ್ರಿಚ್ ಪರಿಶೀಲಿಸಿ, ೧೯೮೪ರಲ್ಲಿ ತಮ್ಮ ಲೇಖನ ಪ್ರಕಟಿಸಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದ ರೋಗಿಗಳು, ಇಟ್ಟಿಗೆಯ ಗೋಡೆಯನ್ನೇ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು. ನೋವಿಗೆ ಅವರು ಪಡೆದ ತೀಕ್ಷ್ಣ ಔಷಧವೂ ಕಡಮೆ. ೧೯೪೮ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ಆರೋಗ್ಯವೆಂದರೆ ರೋಗವಿಲ್ಲದಿರುವುದು ಮಾತ್ರವಲ್ಲ, ದೈಹಿಕ, ಮಾನಸಿಕ ಹಾಗೂ ಸಾಮಾಜಿಕ ಕ್ಷೇಮವೆಂದು ವಿವರಿಸಿದುದು ಸಾರ್ಥಕವಾಗಿದೆ.

ಈ ಕಥೆಯನ್ನು ತಪ್ಪಾಗಿ ಓದಬಾರದು. ಗೆಳೆಯರಿದ್ದರೆ ಸಾಕು, ಹೊಗೆ ಸೇದಿ ಕೊಬ್ಬು ತಿನ್ನಬಹುದೆಂದು ಯಾವ ವೈದ್ಯನೂ ಹೇಳುವುದಿಲ್ಲ. ಎಲ್ಲರೂ ಎಲ್ಲರನ್ನೂ ಗಮನಿಸುವ ಊರಿನಲ್ಲಿ ಬೇರೆ ದಾರಿ ಹಿಡಿಯಬೇಕೆಂಬವನಿಗೆ ಉಸಿರುಕಟ್ಟುವುದೂ ಉಂಟು. ಊರು ಬಿಟ್ಟುಹೋದ ಮಕ್ಕಳನ್ನು ದೂರುವುದೂ ತರವಲ್ಲ. ಅವರು ಗಣಿಯ ಧೂಳಿನಿಂದ ಪಾರಾಗಲೆಂದೇ ಹಿರಿಯರು ಅವರನ್ನು ಓದಿಸಿದ್ದರು. ಗಳಿಸಿದುದು ಏನೆಂದು ಅವರಿಗೆ ತಿಳಿದಿತ್ತು; ಕಳೆದುಕೊಳ್ಳುತ್ತಿರುವುದು ಏನೆಂದು ಮಾತ್ರ ತಿಳಿದಿರಲಿಲ್ಲ.

ಹಿತ್ತಲ ಗಿಡ ಮದ್ದಲ್ಲವೆಂಬುದು ನಮ್ಮ ಗಾದೆ. ಕಣ್ಣೆದುರೇ ಇರುವುದರ ಗುಣವನ್ನು ನಾವು ಎಣಿಸುವುದಿಲ್ಲ. ನಾವು ರೊಸೆಟೊದವರಂತೆ ಕಡಲು ದಾಟಿ ಬಂದವರಲ್ಲ. ಹಿರಿಯರ ನೆಲದಲ್ಲೇ ಇದ್ದೇವೆ. ೧೯೫೬ರಲ್ಲಿ ರಾಜ್ಯಗಳ ಗಡಿಗಳನ್ನು ಹೊಸದಾಗಿ ಗೆರೆ ಎಳೆದಾಗ ಈಚೆ ಬದಿಗೆ ಉಳಿದೆವು. ಆದರೂ ಸುತ್ತಲಿನವರ ನಡುವೆ ಒಂದು ನುಡಿಯ ಸುತ್ತ ಕೂಡಿ ಬಾಳುವುದೆಂದರೇನೆಂದು ನಮಗೂ ತಿಳಿದಿದೆ. ಸಂಜೆಯ ಜಗುಲಿಯ ಮಾತು, ಹಬ್ಬದ ದಿನ ನೆರೆಮನೆಗೆ ಹೋಗುವ ಹೋಳಿಗೆ, ಸಂಘದ ಕೋಣೆಯಲ್ಲಿ ನಾಲ್ಕು ಜನ ಕೂತು ಓದುವ ಪತ್ರಿಕೆ: ಇವು ಕಾಲಹರಣವೆಂದು ತೋರಬಹುದು. ಹಾಗೆ ತೋರಿದಾಗ ರೊಸೆಟೊವನ್ನು ನೆನೆಯಬೇಕು. ವಿದ್ಯಾರ್ಥಿಗಳು ಇಂದು ಮನೆಗೆ ಹೋಗುವಾಗ ತಮ್ಮ ಬೀದಿಯಲ್ಲಿ ಒಂಟಿಯಾಗಿರುವ ಹಿರಿಯರು ಯಾರೆಂದು ನೋಡಿ, ಬಾಗಿಲಲ್ಲಿ ಒಂದು ಗಳಿಗೆ ನಿಂತು ಮಾತನಾಡಿಸಿದರೆ, ಈ ಪಾಠ ಮುಗಿದಂತೆ.